ಸೋತ ತಂಡದ ಮೌಲ್ಯಮಾಪನ

ಅಕ್ಷರ ದುಂಡಗಿರುವವರಿಗೆ ಈ ಲೋಕದಲ್ಲಿ ವಿಶ್ರಾಂತಿಯಿಲ್ಲವೆಂಬುದು ನನ್ನ ಬಹುಕಾಲದ ಅನುಭವ. ಎನ್.ಆರ್. ಕಾಲೋನಿಯ ನಮ್ಮ ಬೀದಿಯಲ್ಲಿ ಯಾರ ಮನೆಯ ಲಗ್ನಪತ್ರಿಕೆಗಾದರೂ ವಿಳಾಸ ಬರೆಯುವವನು ನಾನೇ, ರಾಮನವಮಿಯ ಕಛೇರಿಗಳ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆಯುವವನೂ ನಾನೇ. ಇಷ್ಟು ಸಾಲದೆಂಬಂತೆ, ನಾನು ಕನ್ನಡ ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ನಿವೃತ್ತರಾಗುವ ಪ್ರತಿಯೊಬ್ಬರಿಗೂ ಬಿನ್ನವತ್ತಳೆ ಬರೆಯುವ ಕೆಲಸ ಹೇಗೋ ನನ್ನ ಕೊರಳಿಗೆ ಬಿದ್ದಿತ್ತು. ಬಿನ್ನವತ್ತಳೆಯನ್ನು ನೀವೂ ಬಲ್ಲಿರಿ. ಹಾರ, ಶಾಲು, ಹಣ್ಣಿನ ಬುಟ್ಟಿಗಳ ನಡುವೆ ಗಟ್ಟಿಯಾಗಿ ಓದಿ, ಗಾಜಿನ ಕಟ್ಟು ಹಾಕಿಸಿ ಕೈಗಿಡುವ ಹೊಗಳಿಕೆಯ ಪತ್ರ ಅದು. ಗ್ರಂಥಪಾಲಕರನ್ನು ಜ್ಞಾನದೀಪವೆಂದೆ, ಗುಮಾಸ್ತರನ್ನು ಕರ್ಮಯೋಗಿಯೆಂದೆ, ಗಂಟೆ ಹೊಡೆಯುತ್ತಿದ್ದವರನ್ನು ಕಾಲಪುರುಷನೆಂದೇ ಕರೆದುಬಿಟ್ಟೆ. ಯಾರೂ ಆಕ್ಷೇಪಿಸಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಮ್ಮೆ, ಅಧ್ಯಾಪಕರ ಸಭೆಯ ದಿನವೇ ಹಲ್ಲು ಕೀಳಿಸಿಕೊಳ್ಳಲು ಹೋದ ತಪ್ಪಿಗೆ, ಸಭೆಗೆ ಬಂದವರೆಲ್ಲ ಒಮ್ಮತದಿಂದ ನನ್ನನ್ನು ಕ್ರೀಡಾ ಸಮಿತಿಯ ಸಂಚಾಲಕನನ್ನಾಗಿ ಮಾಡಿದರು. ಫುಟ್‌ಬಾಲಿನ ವಿಷಯದಲ್ಲಿ ನನ್ನ ಪಾಂಡಿತ್ಯ, ಚೆಂಡನ್ನು ಕೈಯಲ್ಲಿ ಮುಟ್ಟಬಾರದು ಎಂಬಲ್ಲಿಗೆ ಮುಗಿಯುತ್ತಿತ್ತು. ಗೋಲ್‌ಕೀಪರ್ ಮಾತ್ರ ಮುಟ್ಟಬಹುದೆಂದು ತಿಳಿದದ್ದು ಎರಡನೆಯ ಪಂದ್ಯದಲ್ಲಿ, ಅದೂ ನಾನು ಎದ್ದು ನಿಂತು ಆಕ್ಷೇಪಣೆ ಕೂಗಿದ ಮೇಲೆ.

ತಂಡಕ್ಕೆ ತರಬೇತಿ ಕೊಡುತ್ತಿದ್ದವರು ಪೆರುಮಾಳ್ ಮಾಸ್ಟರ್. ಹತ್ತಿಗಿರಣಿಯೊಂದರಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಸಂಜೆ ನಾಲ್ಕಕ್ಕೆ ಚಾಮರಾಜಪೇಟೆಯಿಂದ ಸೈಕಲ್ಲಿನಲ್ಲಿ ಬಂದು, ಪ್ಯಾಂಟಿಗೆ ಸಿಕ್ಕಿಸಿದ ಕ್ಲಿಪ್ಪನ್ನು ತೆಗೆಯುವುದನ್ನೂ ಮರೆತು ಮೈದಾನಕ್ಕಿಳಿಯುತ್ತಿದ್ದರು. ಅವರದು ಖಾಯಂ ನೌಕರಿಯಲ್ಲ. ವರ್ಷಕ್ಕೊಮ್ಮೆ ಆಡಳಿತ ಸಮಿತಿ ಒಪ್ಪಿದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಇಲ್ಲ.

ಆ ವರ್ಷದ ನಮ್ಮ ಸಾಧನೆಯನ್ನು ಹೇಳಲು ಹೆಚ್ಚು ಹೊತ್ತು ಬೇಡ. ಆಡಿದ್ದು ಐದು ಪಂದ್ಯ, ನಾಲ್ಕರಲ್ಲಿ ಸೋತೆವು, ಐದನೆಯದು ಮಳೆಯಿಂದ ನಿಂತಿತು. ನಮ್ಮ ಹುಡುಗರು ಗಾಂಧಿ ಬಜಾರಿನ ಸುತ್ತಮುತ್ತಲಿನ ಮನೆಗಳಿಂದ, ತ್ಯಾಗರಾಜನಗರದಿಂದ ಮೊಸರನ್ನ ಉಂಡು ಬರುವವರು. ಎದುರಾಳಿ ಮೈಮೇಲೆ ಬಿದ್ದರೆ ನಮ್ಮವರೇ 'ಸಾರಿ' ಹೇಳುತ್ತಿದ್ದರು. ಒಂದು ಪಂದ್ಯದ ಮಧ್ಯದಲ್ಲಿ ಒಬ್ಬ, ಟೈಪಿಂಗ್ ಕ್ಲಾಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟ. ಬೇರೆ ಕಾಲೇಜಿನವರು ಹೊರಗಿನ ಬಲವಾದ ಆಟಗಾರರನ್ನು ಕರೆತಂದು ಸೇರಿಸಿಕೊಳ್ಳುತ್ತಿದ್ದರು. ನೀವೂ ಹಾಗೇಕೆ ಮಾಡಬಾರದೆಂದು ಮಾಸ್ಟರನ್ನು ಕೇಳಿದೆ.

"ಯಾಕ್ ಸಾರ್? ನಮ್ ಹುಡುಗ್ರೇ ಆಡ್ಲಿ. ಮೊದಲ್ನೇ ವರ್ಷ ಬಾಲ್ ಬಂದ್ರೆ ಕಣ್ ಮುಚ್ಕೊಳ್ತಿದ್ರು, ಈಗ ಮುಚ್ಚಲ್ಲ, ನೋಡಿದ್ರಾ?" ಎಂದರು.

ನಾನು ನೋಡಿರಲಿಲ್ಲ. ಆಮೇಲೆ ಗಮನಿಸಿದೆ. ಸೋತ ಪ್ರತಿ ಪಂದ್ಯದ ನಂತರ ಅವರು ಹುಡುಗರನ್ನು ಕಲ್ಲುಬೆಂಚಿನ ಸುತ್ತ ಕೂಡಿಸಿಕೊಂಡು, ಅವನು ಎಲ್ಲಿ ಸರಿಯಾಗಿ ಓಡಿದ, ಇವನು ಯಾವ ಚೆಂಡನ್ನು ತಡೆದ ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದರು. ಇಪ್ಪತ್ತು ವರ್ಷ ಉತ್ತರಪತ್ರಿಕೆಗಳಲ್ಲಿ ತಪ್ಪುಗಳಿಗೆ ಮಾತ್ರ ಕೆಂಪು ಗೆರೆ ಎಳೆದ ನನಗೆ ನಾಚಿಕೆಯಾಯಿತು. ಆ ಮನುಷ್ಯನನ್ನು ನಾನು ನಿಜವಾಗಿ ಮೆಚ್ಚಿಕೊಂಡೆ.

ಮಾರ್ಚಿನಲ್ಲಿ ಪ್ರಿನ್ಸಿಪಾಲರು ಕರೆಸಿದರು. "ಕಮಿಟೀಲಿ ಕೆಲವರಿಗೆ ಸಮಾಧಾನ ಇಲ್ಲ ಮೇಷ್ಟ್ರೇ. ತಂಡದ ಬಗ್ಗೆ, ಕೋಚ್ ಬಗ್ಗೆ ಒಂದು ಮೌಲ್ಯಮಾಪನ ಬರ್ಕೊಡಿ. ನೀವ್ ಬರ್ದಿದ್ದನ್ನ ನೋಡಿ ತೀರ್ಮಾನ ಮಾಡ್ತಾರೆ" ಎಂದರು.

ಸುದ್ದಿ ಮಾಸ್ಟರಿಗೂ ಮುಟ್ಟಿತು. ಮರುದಿನ ಸೈಕಲ್ ತಳ್ಳಿಕೊಂಡು ಗಾಂಧಿ ಬಜಾರಿನವರೆಗೆ ನನ್ನ ಜೊತೆಗೇ ನಡೆದು ಬಂದರು. ಹೂವಿನವರ ಮುಂದೆ ನಿಂತು, "ಇನ್ನೊಂದೇ ವರ್ಷ ಕೊಡ್ಸಿ ಸಾರ್" ಎಂದರು. "ಈ ಹುಡುಗ್ರದು ಬರೋ ವರ್ಷ ಕೊನೇ ವರ್ಷ. ಇವ್ರು ಒಂದ್ ಮ್ಯಾಚ್ ಗೆಲ್ಲೋದನ್ನ ನಾನ್ ನೋಡ್ಬೇಕು. ಆಮೇಲೆ ನಾನೇ ಹೋಗ್ತೀನಿ."

"ಯೋಚ್ನೆ ಮಾಡ್ಬೇಡಿ, ಬರೆಯೋದು ನಾನಲ್ವಾ?" ಎಂದೆ. ಎಂಥ ಜಂಬ!

ಬರೆಯಲು ಕುಳಿತೆ. ಓದುಗ ಮಹಾಶಯರೇ, ಅಭ್ಯಾಸಬಲವೆಂಬುದು ಭಯಂಕರವಾದದ್ದು. ಮೌಲ್ಯಮಾಪನವೆಂದು ಶುರುವಾದದ್ದು ಎರಡನೆಯ ವಾಕ್ಯಕ್ಕೇ ತನ್ನ ಹಳೆಯ ಹಳಿಗೆ ಜಾರಿತು. 'ಮೈದಾನದ ಧೂಳನ್ನೇ ವಿಭೂತಿಯೆಂದು ಧರಿಸಿದ ಕ್ರೀಡಾತಪಸ್ವಿ' ಎಂದೆ. 'ಸೋಲು ಗೆಲುವುಗಳೆರಡನ್ನೂ ಸಮಚಿತ್ತದಿಂದ ಸ್ವೀಕರಿಸಿದ ಸ್ಥಿತಪ್ರಜ್ಞ' ಎಂದೆ. ಗೆಲುವನ್ನು ಸ್ವೀಕರಿಸುವ ಪ್ರಸಂಗ ಅವರಿಗೆ ಬಂದೇ ಇರಲಿಲ್ಲವೆಂಬುದು ಬೇರೆ ಮಾತು. 'ತಮ್ಮ ಸೇವೆಯ ಸೌರಭ ಈ ಸಂಸ್ಥೆಯಲ್ಲಿ ಚಿರಕಾಲ ಉಳಿಯಲಿ' ಎಂದು ಮುಗಿಸುವಾಗ ನನ್ನ ಕಣ್ಣೇ ಒದ್ದೆಯಾಯಿತು. ಇನ್ನೊಂದು ವರ್ಷ ಇವರನ್ನೇ ಮುಂದುವರಿಸಿ ಎಂಬ ಒಂದು ಸಾಲನ್ನು ಕೊನೆಯಲ್ಲಿ ಸೇರಿಸೋಣವೆನಿಸಿತು. ಅಷ್ಟು ಚೆಂದದ ಗದ್ಯದ ಬಾಲಕ್ಕೆ ಅರ್ಜಿಯ ಭಾಷೆ ಕಟ್ಟುವುದು ಬೇಡ, ಓದಿದವರಿಗೆ ತಾನಾಗಿ ತಿಳಿಯುತ್ತದೆಂದು ಬಿಟ್ಟುಬಿಟ್ಟೆ.

ಓದಿದವರಿಗೆ ತಿಳಿದದ್ದು ಬೇರೆ. ಆಡಳಿತ ಸಮಿತಿಯ ಕಾರ್ಯದರ್ಶಿಗಳು ವಯಸ್ಸಾದ ವಕೀಲರು, ನನ್ನ ಬಿನ್ನವತ್ತಳೆಗಳನ್ನು ವರ್ಷವರ್ಷವೂ ಮುಂದಿನ ಸಾಲಿನಲ್ಲಿ ಕುಳಿತು ಕೇಳಿದವರು. ಅವರೇ ಅದನ್ನು ಸಭೆಯಲ್ಲಿ ಓದಿ, ಕನ್ನಡಕ ಒರೆಸಿಕೊಂಡು, "ಪಾಪ, ಎಷ್ಟು ದುಡಿದಿದಾರೆ! ಇಂಥವರನ್ನ ಸುಮ್ನೆ ಕಳಿಸ್ಬಾರ್ದು. ಶಾಲು ಹೊದಿಸಿ, ಇದನ್ನೇ ಓದಿ, ಗೌರವವಾಗಿ ಬೀಳ್ಕೊಡೋಣ" ಎಂದರು. ಎಲ್ಲರೂ ತಲೆಯಾಡಿಸಿದರು. ಮಾಸ್ಟರನ್ನು ಬದಲಾಯಿಸಬೇಕೆಂದಿದ್ದವರು ಎಲ್ಲರಿಗಿಂತ ಜೋರಾಗಿ ಆಡಿಸಿದರು.

ನಾನು ಅಲ್ಲೇ ಇದ್ದೆ. ಇದು ಬೀಳ್ಕೊಡುಗೆಯಲ್ಲ ಸ್ವಾಮಿ, ಉಳಿಸಿಕೊಳ್ಳಿ ಎಂದು ಬರೆದದ್ದು ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, "ಏನ್ ಭಾಷೆ ಮೇಷ್ಟ್ರೇ, ಏನ್ ಭಾಷೆ!" ಎಂದರು. ನಾನು ಕೈಮುಗಿದೆ. ಮುಗಿದ ಕೈಯನ್ನು ಬಿಡಿಸುವಷ್ಟರಲ್ಲಿ ಸಭೆ ಮುಂದಿನ ವಿಷಯಕ್ಕೆ, ಕುಡಿಯುವ ನೀರಿನ ತೊಟ್ಟಿಯ ರಿಪೇರಿಗೆ ಹೋಗಿತ್ತು. ತಿದ್ದುವುದಕ್ಕೆ ಅವಕಾಶವಿತ್ತು, ತಿದ್ದಲಿಲ್ಲ, ಹೊಗಳಿಕೆ ಹಿತವಾಗಿತ್ತು. ಇದಕ್ಕಿಂತ ಮರ್ಯಾದೆಯ ಕಾರಣ ನನ್ನಲ್ಲಿಲ್ಲ.

ಸನ್ಮಾನವಿದೆಯೆಂದಷ್ಟೇ ಕಚೇರಿಯವರು ಪೆರುಮಾಳ್ ಮಾಸ್ಟರಿಗೆ ತಿಳಿಸಿದ್ದರು. ಅದಕ್ಕಿಂತ ಹೆಚ್ಚು ತಿಳಿಸುವ ಧೈರ್ಯ ನನಗೂ ಬರಲಿಲ್ಲ. ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಬಂದು ವೇದಿಕೆಯ ಮೇಲೆ ಕುಳಿತರು. ಭಾಷಣ ಮಾಡಿದವರೆಲ್ಲ ಅವರಿಗೆ ಸುಖದ ವಿಶ್ರಾಂತ ಜೀವನವನ್ನು ಹಾರೈಸಿದರು. ನಾನು ಓದಿದೆ. ಹುಡುಗರಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮುಗಿದ ಮೇಲೆ, ಶಾಲು ಹೆಗಲಿನಲ್ಲಿರುವಂತೆಯೇ, ಕಟ್ಟು ಹಾಕಿಸಿದ ಪತ್ರವನ್ನು ಎರಡು ಕೈಯಲ್ಲಿ ಹಿಡಿದು ಮಾಸ್ಟರು ನನ್ನ ಬಳಿ ಬಂದರು. ಮುಖದಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಬಹಳ ಚೆನ್ನಾಗ್ ಬರ್ದಿದೀರಾ ಸಾರ್. ನಂಗೆ ಅರ್ಧ ಅರ್ಥ ಆಗ್ಲಿಲ್ಲ" ಎಂದು ಪತ್ರವನ್ನು ನನ್ನ ಕಡೆಗೆ ತಿರುಗಿಸಿದರು. "ಇನ್ನೊಂದ್ ವರ್ಷ ಬೇಕು ಅಂತ ಹೇಳಿದ್ನಲ್ಲ, ಅದು ಇದ್ರಲ್ಲಿ ಎಲ್ಲಿದೆ ಸಾರ್?"

ಅದು ಎಲ್ಲಿಯೂ ಇಲ್ಲವೆಂದು ಬರೆದವನಿಗೆ ಗೊತ್ತಿತ್ತು. ಆದರೂ ಕನ್ನಡಕ ಹಾಕಿಕೊಂಡು, ಗಾಜಿನ ಮೇಲೆ ಬೆರಳಿಟ್ಟು, ಅವರೆದುರಿಗೇ ಮೊದಲ ಸಾಲಿನಿಂದ ಹುಡುಕತೊಡಗಿದೆ.