ಹಿಮ್ಮುಖ ಹತ್ತಿದ ಕಾರು

ಆ ಲಾಂಡ್ರಿ ಇದ್ದದ್ದು ತಗ್ಗಿನಲ್ಲಿ. ರಸ್ತೆಗೆ ಬರಬೇಕಾದರೆ ಸೋಪಿನ ನೀರು ಹರಿದು ಪಾಚಿಗಟ್ಟಿದ ಏರು ಹತ್ತಬೇಕು. ಅಣ್ಣ ಯಜಮಾನ, ತಮ್ಮ ಡ್ರೈವರು. ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆಯ ಗಂಟು ಸಾಗಿಸಿ ಸಾಗಿಸಿ ತಮ್ಮನ ತಲೆ ನೆರೆಯತೊಡಗಿತ್ತು. ತನ್ನದೇ ಒಂದು ಟ್ಯಾಕ್ಸಿ ಓಡಿಸುವ ಆಸೆ ಅವನಿಗೆ ಮದುವೆಗೂ ಮೊದಲಿನದು. ಕೇಳಿದಾಗಲೆಲ್ಲ ಅಣ್ಣ 'ನೋಡೋಣ' ಎನ್ನುತ್ತಿದ್ದ. ಆ ನೋಡೋಣಕ್ಕೆ ತುದಿಮೊದಲಿರಲಿಲ್ಲ.

ಕೊನೆಗೊಂದು ದಿನ ಅಣ್ಣನೇ ಬಾಯಿಬಿಟ್ಟ. ಮನೆಯಲ್ಲಿದ್ದವು ಎರಡು ಹಳೇ ಕಾರು. ಒಂದನ್ನು ಹಿಂದಿನ ಚಕ್ರಗಳು ದೂಡುತ್ತವೆ, ಇನ್ನೊಂದನ್ನು ಮುಂದಿನವು ಎಳೆಯುತ್ತವೆ. "ನಾಳೆ ಎರಡನ್ನೂ ಹತ್ತಿಸಿ ನೋಡೋಣ, ಮುಂದಿನ ಚಕ್ರದ್ದನ್ನ ನೀನು ಓಡಿಸು. ಗಂಟು ಹೇರ್ಕೊಂಡು ಏರು ಚೆನ್ನಾಗಿ ಹತ್ತೋದು ಇಲ್ಲಿರ್ಲಿ. ಇನ್ನೊಂದನ್ನ ತಗೊಂಡು ನೀನು ಹೊರಡು."

ಮುಂದಿನ ಚಕ್ರದ್ದು ಹತ್ತುವುದಿಲ್ಲವೆಂದು ತಮ್ಮನಿಗೆ ಗೊತ್ತಿತ್ತು. ಹಿಂದೆ ಭಾರ ಬಿದ್ದರೆ ಅದರ ಮೂತಿ ಹಗುರಾಗಿ ಚಕ್ರ ನಿಂತಲ್ಲೇ ಗಿರ್ರೆನ್ನುತ್ತದೆ.

"ನೀವು ಬಾಯಿ ಮುಚ್ಕೊಂಡು ಸೋತು ಬನ್ನಿ, ಸಾಕು," ಎಂದಳು ಹೆಂಡತಿ, ಆಗಲೇ ಪೆಟ್ಟಿಗೆ ಕಟ್ಟುತ್ತ.

ಮರುದಿನ ಗಂಟು ಹೇರಿಕೊಂಡು ಅಣ್ಣ ಓಡಿಸಿದ ಹಿಂದಿನ ಚಕ್ರದ ಕಾರು ಬಾಲ ಅತ್ತಿತ್ತ ಒಲೆದಾಡಿಸುತ್ತ ಅಂತೂ ಮೇಲೆ ಬಂತು. ತಮ್ಮನದು ಅರ್ಧಕ್ಕೇ ಜಾರಿ ವಾಪಸ್ಸಾಯಿತು. ಅವನ ಎದೆ ಹಗುರಾಯಿತು. ಅಲ್ಲಿಗೇ ಇಳಿದು ಬಂದಿದ್ದರೆ ಅವನ ಬಾಳೇ ಬೇರೆಯಾಗುತ್ತಿತ್ತು. ಆದರೆ ಅಣ್ಣ ಇಸ್ತ್ರಿ ಮಾಡುವ ಹೆಂಗಸರೆದುರು ನಕ್ಕುಬಿಟ್ಟ: "ಗಾಡಿ ಹಾಳಾಗ್ಲಿ, ಓಡಿಸೋನಿಗೇ ದಮ್ಮಿಲ್ಲ. ಇವನು ಟ್ಯಾಕ್ಸಿ ಓಡಿಸ್ತಾನಂತೆ."

ತಮ್ಮನಿಗೆ ಪಿತ್ತ ನೆತ್ತಿಗೇರಿತು. ಕಾರನ್ನು ತಿರುಗಿಸಿ, ರಿವರ್ಸ್ ಗೇರು ಹಾಕಿ, ಕತ್ತು ಹೊರಳಿಸಿ ಹಿಂದೆ ನೋಡುತ್ತ ಹತ್ತಿಸಿದ. ಹಿಮ್ಮುಖ ಹತ್ತುವಾಗ ಭಾರ ತಗ್ಗಿನ ಕಡೆಗಿರುವ ಮುಂದಿನ ಚಕ್ರಗಳಿಗೇ ಬೀಳುತ್ತದೆ. ಕಾರು ಒಂದೇ ಉಸಿರಿಗೆ ಮೇಲಿತ್ತು. ಹೆಂಗಸರು ಚಪ್ಪಾಳೆ ತಟ್ಟಿದರು. ಪೆದ್ದ, ತಾನೂ ಹಲ್ಲು ಕಿರಿದ.

ಅಣ್ಣ ಕಾರಿನ ಸುತ್ತ ಒಂದು ಸುತ್ತು ಬಂದ. "ಇದು ಪೆಟ್ರೋಲ್ ಕಮ್ಮಿ ಕುಡಿಯುತ್ತೆ. ಹಿಂದಿನ ಚಕ್ರಕ್ಕೆ ಹೋಗೋ ಶಾಫ್ಟಿನ ಉಬ್ಬು ನಡುವೆ ಇಲ್ಲ, ಗಂಟೂ ಜಾಸ್ತಿ ಹಿಡಿಯುತ್ತೆ. ಹತ್ತಲ್ಲ ಅನ್ನೋದೊಂದೇ ಕೊರತೆಯಿತ್ತು. ಇದೇ ಇಲ್ಲಿರ್ಲಿ."

"ಹಾಗಾದ್ರೆ ಇನ್ನೊಂದನ್ನ ನಾನು ತಗೊಂಡು ಹೋಗ್ತೀನಣ್ಣ."

"ನೀನು ಹೋದ್ರೆ ಇದನ್ನ ಹೀಗೆ ಹತ್ತಿಸೋರು ಯಾರೋ? ನನ್ನ ಕತ್ತು ತಿರುಗಲ್ಲ ಅಂತ ನಿಂಗೊತ್ತಿಲ್ವಾ? ಅದನ್ನ ಮಾರಿಬಿಡೋಣ."

ತಮ್ಮ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಹೆಂಡತಿ ಬೈಯಲಿಲ್ಲ. ಕಟ್ಟಿಟ್ಟಿದ್ದ ಪೆಟ್ಟಿಗೆ ಬಿಚ್ಚಿ, ನಾಳೆಯ ಕೆಲಸಕ್ಕೆ ಅವನ ಹಳೇ ಅಂಗಿ ತೆಗೆದು ಕೈಗಿಟ್ಟಳು.