ಗ್ರೂಪಿಗೆ ಹೋದ ರೊಟ್ಟಿ

ನಮ್ಮ ಸಂಸ್ಥೆಯಲ್ಲಿ ಫೋಟೋ ಇಲ್ಲದ ಕೆಲಸ ಕೆಲಸವೇ ಅಲ್ಲ. ಹಳ್ಳಿಯ ಹೆಂಗಸರಿಗೆ ಓದು ಬರಹ ಕಲಿಸುವವರು ನಾವು. ಮಾನ್ವಿಯಲ್ಲಿರುವ ನನಗೆ ಕುರ್ಡಿ ಕಡೆಯ ಊರುಗಳು. ಪಾಠ ಮುಗಿದ ಕೂಡಲೇ ಸಂಸ್ಥೆಯವರು ಫೋನಿಗೆ ಹಾಕಿಕೊಟ್ಟ ಕ್ಯಾಮೆರಾ ಆ್ಯಪಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಅದರ ಕೆಳಗೆ ಊರು, ಹೊತ್ತು ತಾವಾಗಿಯೇ ಮೂಡುತ್ತವೆ. ನಾವು ಸುಳ್ಳು ಹೇಳದಿರಲಿ ಎಂದು ರಾಯಚೂರಿನ ಕಚೇರಿಯ ಸಾಹೇಬರು ಮಾಡಿದ ಏರ್ಪಾಡು. ಅದಕ್ಕೆ ನನ್ನ ತಕರಾರಿರಲಿಲ್ಲ. ತಕರಾರಿದ್ದದ್ದು ಸಂಜೆಯ ಬಗ್ಗೆ. ಕೆಲಸ ಐದಕ್ಕೆ ಮುಗಿದರೂ ಸಾಹೇಬರ ಮೆಸೇಜು ಮುಗಿಯುತ್ತಿರಲಿಲ್ಲ. 'ಈಗಲೇ ಕಳಿಸಿ', 'ಯಾಕೆ ಉತ್ತರವಿಲ್ಲ?' ಮದುವೆಯ ಪಂಕ್ತಿಯಲ್ಲಿ ಕೂತು ಎಡಗೈಯಲ್ಲಿ ಟೈಪು ಮಾಡಿದವಳು ನಾನು.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಫೋನು ಮೇಲಿಂದ ಮೇಲೆ ಬಡಿದುಕೊಂಡಿತು. ಊರಿಂದ ಬಂದಿದ್ದ ಅವ್ವ, ಜೀವನವಿಡೀ ಕೂಲಿ ಮಾಡಿದವಳು, ಕೇಳಿದಳು: "ನಿಮ್ಮ ಸಾಹೇಬಗ ಮನಿ ಇಲ್ಲೇನಬೇ?"

ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ನೋಡಿದರೆ, 'ಎಲ್ಲರೂ ಕೂಡಲೇ ಕೆಲಸದ ಫೋಟೋ ಹಾಕಿ' ಎಂದಿತ್ತು. ಹಿಟ್ಟಿನ ಕೈಯಲ್ಲೇ ಹಂಚಿನ ಮೇಲೆ ಉಬ್ಬುತ್ತಿದ್ದ ರೊಟ್ಟಿಯ ಫೋಟೋ ತೆಗೆದು ಹಾಕಿಬಿಟ್ಟೆ. ಕೆಳಗೆ ಮಾನ್ವಿ, ಸಂಜೆ ಏಳು ಎಂದು ನೀಟಾಗಿ ಮೂಡಿತು. ಸ್ವಲ್ಪ ಹೊತ್ತಿಗೆ ಜಾಲಹಳ್ಳಿಯ ಗೆಳತಿ ಎಮ್ಮೆಯ ಕೆಚ್ಚಲ ಕೆಳಗಿಟ್ಟ ತಂಬಿಗೆಯ ಫೋಟೋ ಹಾಕಿದಳು. ಗುಂಜಹಳ್ಳಿಯಾಕೆ ತೊಟ್ಟಿಲ ಕೂಸನ್ನು. ಆಮೇಲೆ ಮುಸುರೆ ಪಾತ್ರೆ, ಎಣ್ಣೆ ಹಚ್ಚಿದ ಅತ್ತೆಯ ಕಾಲು, ಅರ್ಧ ಹೊಲಿದ ಕೌದಿ.

ಮರುದಿನ ಎಲ್ಲರಿಗೂ ರಾಯಚೂರಿಗೆ ಬುಲಾವ್ ಬಂತು. ನಮ್ಮದು ವರ್ಷ ವರ್ಷದ ಗುತ್ತಿಗೆ. ನನ್ನ ಮನೆ ನಡೆಯುವುದೇ ಆ ಪಗಾರದ ಮೇಲೆ.

"ಏನಿದು ತಮಾಷಿ?" ಸಾಹೇಬರು ನನ್ನನ್ನೇ ನೋಡಿ ಕೇಳಿದರು.

"ತಮಾಷಿ ಅಲ್ರೀ ಸರ. ಕೆಲಸದ ಫೋಟೋ ಕೇಳಿದ್ರಿ, ಹಾಕೀವಿ. ಆ ಹೊತ್ತಿನ್ಯಾಗ ನಮಗ ಅದ ಕೆಲಸ. ಇನ್ನ ಐದರ ಮ್ಯಾಲ ಗ್ರೂಪ್ ನೋಡಂಗಿಲ್ರೀ. ಯಾರದರ ಜೀವಕ್ಕ ಬಂದ್ರ ಫೋನ್ ಹಚ್ರಿ, ಓಡಿ ಬರ್ತೀವಿ."

"ನಿಮ್ಮ ಗುತ್ತಿಗಿ ಈ ತಿಂಗಳ ಮುಗೀತದ. ನೆನಪದ ಏನ್ರೀ?"

ಆಗ ದೇವದುರ್ಗದ ಕಡೆ ಪಾಠ ಮಾಡುವ, ನಮ್ಮೆಲ್ಲರಿಗಿಂತ ಹಿರಿಯಾಕೆ ಎದ್ದು ನಿಂತಳು. ಅಲ್ಲಿಯವರೆಗೆ ಸಾಹೇಬರೆದುರು ಎಂದೂ ತುಟಿ ಬಿಚ್ಚಿದವಳಲ್ಲ. ಗಂಡನಿಲ್ಲ, ಇಡೀ ಮನೆ ಆಕೆಯ ದುಡಿಮೆಯ ಮೇಲೆಯೇ ನಿಂತಿದೆ.

"ಹಂಗಾದ್ರ ನಂದೂ ಮುಗಸ್ರಿ ಸರ" ಎಂದಳು.

ಹಿಂದೆ ಕುರ್ಚಿಗಳು ಸರಿದವು. ತಿರುಗಿ ನೋಡಿದರೆ ಕೂತವರು ಒಬ್ಬರೂ ಇರಲಿಲ್ಲ.

ಸಾಹೇಬರು ನೀರು ಕುಡಿದರು. "ಕೂಡ್ರಿ, ಕೂಡ್ರಿ" ಎಂದರು. "ಐದರ ತನಕ ಅಷ್ಟ. ಆಯ್ತಲ್ಲ?"

ಎಲ್ಲರ ಗುತ್ತಿಗೆಯೂ ಮುಂದುವರಿಯಿತು, ನನ್ನದೂ. ನಾನು ಸ್ವಲ್ಪ ಜಂಬದ ಹೆಂಗಸು, ಒಪ್ಪುತ್ತೇನೆ. ಆದರೆ ಜೀವನದಲ್ಲಿ ಏನು ಗಳಿಸಿದೆ ಎಂದು ಯಾರಾದರೂ ಕೇಳಿದರೆ, ಆ ದಿನ ನನ್ನ ಹಿಂದೆ ಎದ್ದು ನಿಂತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತೇನೆ.