ಬುಲೆಟ್ ಸೀಟಿಗೆ ಹಮಾಲರ ಹುಕ್ಕು

ಕೇಳ್ರಿ ಗೆಳೆಯರ, ಇವತ್ತು ಅಪ್ಪನ ಬುಲೆಟ್ ಬ್ಯಾಡಗಿ ಬಿಡ್ತು. ಅಪ್ಪ ತೀರಿಕೊಂಡು ವರ್ಷ ಆತು. ಗಾಡಿ ಕೊಂಡವರು ರಾಣೆಬೆನ್ನೂರಿಂದ ಟೆಂಪೋ ತಂದಿದ್ರು. ಮೆಣಸಿನಕಾಯಿ ಚೀಲ ಏರಿಸೋ ಹಲಗಿ ಹಚ್ಚಿ, ಹಮಾಲ ಬಸಣ್ಣನ್ನ ಕರೆದೆ. ನಾನು ಹ್ಯಾಂಡಲ್, ಬ್ರೇಕ್ ಹಿಡಿದೆ. ಅಂವ ಹಿಂದಿಂದ ನೂಕಿದ. ಅರ್ಧ ಏರಿದ ಗಾಡಿ ಜಾರಾಕತ್ತಿತು. ಬಸಣ್ಣ ಚೀಲಕ್ಕ ಹಾಕಿದಂಗ ಸೀಟಿಗೇ ಕೈಯಾಗಿನ ಕಬ್ಬಿಣದ ಹುಕ್ಕು ಹಾಕಿ ತಡದ!

"ಬಸಣ್ಣ, ಅದು ಚೀಲ ಅಲ್ಲಪಾ!"

"ಕೈ ರೂಢಿರಿ ಅಣ್ಣಾರ. ಆದ್ರ ಗಾಡಿ ನಿಂತಿತಲ್ರಿ?"

ಹರಿದ ಸೀಟು ನೋಡಿ ಕೊಂಡವರು, "ಇದನ್ನ ಬಿಚ್ಚಿ ಒಗೀರಿ, ಹೊಸಾದು ಹಾಕಸ್ತೇನಿ" ಅಂದ್ರು.

ಬಿಚ್ಚಿದೆ, ಒಗೀಲಿಲ್ಲ. ಈಗ ಮನ್ಯಾಗ ಅದರ ಮ್ಯಾಲ ಕುಂತೇ ಇದನ್ನ ಬರ್ಯಾಕತ್ತೇನಿ. ಅದೂ ಹಿಂದಿನ ಅರ್ಧದಾಗ. ಮುಂದ ಕುಂದ್ರಾಕ ಅಪ್ಪ ಎಂದೂ ಬಿಟ್ಟಿದ್ದಿಲ್ಲ.